ದೊಡ್ಡಗಂಗಮ್ಮನ ಕಾಲುದಾರಿ

ಬೆಳಗ್ಗೆ ಎಷ್ಟೇ ಅವಸರವಿದ್ದರೂ ದೊಡ್ಡಗಂಗಮ್ಮ ಇದೊಂದನ್ನು ತಪ್ಪಿಸಿದವಳಲ್ಲ. ಊರಾಚೆ ಕಾಲುದಾರಿ ಶುರುವಾಗುವಲ್ಲಿ ಎಲೆಯ ಹೊರೆ ಇಳಿಸಿ, ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಲ್ಲೇ ಕಂಡ ಒಂದು ಮುಳ್ಳನ್ನೋ ಕಲ್ಲನ್ನೋ ಎತ್ತಿ ಬದುವಿನಾಚೆ ಎಸೆದು, "ಹಿಂದೆ ಬರೋರ ಕಾಲು ಚೆನ್ನಾಗಿರ್ಲಿ ತಾಯಿ" ಎಂದು ಹೊರೆ ಹೊತ್ತು ನಡೆಯುತ್ತಿದ್ದಳು.

ಅವಳದು ಆವನಿ ಬೆಟ್ಟದ ಕೆಳಗಿನ ಹಳ್ಳಿ. ಮುತ್ತುಗದ ಎಲೆ ಕಿತ್ತು ತಂದು, ಊಟದೆಲೆ ಹಚ್ಚಿ, ತಾಯಲೂರಿನ ಹೋಟೆಲಿಗೆ ಕೊಡುವುದು ಅವಳ ಬದುಕು. ದಾರಿಗಳೆಲ್ಲ ಅವಳಿಗೆ ಒಂದೇ ಅಲ್ಲ. ಬಂಡಿ ಉಜ್ಜಿದ್ದು ಜಾಡು, ದನ ನುಗ್ಗಿದ್ದು ಓಣಿ, ಕೆರೆಯ ಮೇಲಿನದು ಏರಿ. ಬರೀ ಮನುಷ್ಯರ ಪಾದ ಸವೆದು ಆದದ್ದು ಮಾತ್ರ ಕಾಲುದಾರಿ. ಅದರಲ್ಲಿ ಹೋದರೆ ಹೋಟೆಲಿನವರು ಅನ್ನ ಬಸಿಯುವ ಮುಂಚೆ ಮುಟ್ಟಬಹುದು. ಏರಿ ಬಳಸಿ ಹೋದರೆ ಊಟದ ಹೊತ್ತು ಮೀರಿ, ಬೇರೆ ಯಾರದೋ ಎಲೆ ಹಾಸಿರುತ್ತಿತ್ತು. ಇನ್ನು ಪೆಟ್ರೋಲು ಸಿಗದ ಆ ಯುದ್ಧಕಾಲದ ಇದ್ದಿಲು ಬಸ್ಸು, ಅದು ಹೊಗೆ ಕಾರಿ ಕೆಮ್ಮಿ ಮೈ ಕೊಡವಿ ಹೊರಡುವಷ್ಟರಲ್ಲಿ ಸೂರ್ಯ ನೆತ್ತಿಗೇ ಬಂದಿರುತ್ತಿದ್ದ.

ದಾರಿಯ ನಡುಭಾಗ ಒಂದು ಹೊಲದ ಮೇಲೆ ಹಾಯುತ್ತಿತ್ತು. ಪ್ರತಿ ವರ್ಷ ಉಳುವಾಗ ನೇಗಿಲು ದಾರಿಯನ್ನೂ ಎಬ್ಬಿಸಿಬಿಡುವುದು, ಬಿತ್ತನೆಗೆ ಮುಂಚೆ ಜನ ಮತ್ತೆ ತುಳಿಯುವುದು, ತುಳಿದ ಜಾಗ ಬಿಟ್ಟು ರಾಗಿ ಚೆಲ್ಲುವುದು, ಇದು ಆ ಕಡೆಯ ರೂಢಿ. ಆ ವರ್ಷ ಹೊಲ ಕೊಂಡ ಚನ್ನರಾಯಪ್ಪ ಮಾತ್ರ ಉಳುತ್ತಲೇ ನಕ್ಕ.

"ಏನಮ್ಮೋ, ಈಗ ನಡೆಯೋರು ಯಾರು? ಎಲ್ರೂ ಬಸ್ಸಿಗೆ ನೇತಾಡೋರೇ. ಬಿತ್ತೋ ಹೊತ್ಗೆ ನಾಲ್ಕು ಜನದ ಕಾಲು ಕಂಡ್ರೆ ದಾರಿ ಬಿಡ್ತೀನಿ. ನೀನೊಬ್ಳು ನಡೆದ್ರೆ ಬಿಡಲ್ಲ."

"ನಾಲ್ಕಲ್ಲಪ್ಪ, ನಲವತ್ತು ಕರ್ಕೊಂಬರ್ತೀನಿ" ಎಂದಳು ದೊಡ್ಡಗಂಗಮ್ಮ.

ಹೇಳಿದ ಮಾರನೆಯ ದಿನವೇ ಅವಳ ಹಿತ್ತಲಲ್ಲೇ ಜಾಲಿ ಮುಳ್ಳು ಕಾಲಿಗೆ ಚುಚ್ಚಿ ಮುರಿದು ಪಾದ ಊದಿಕೊಂಡಿತು. ಊರವರ ಮುಳ್ಳನ್ನೆಲ್ಲ ಆಯ್ದವಳಿಗೆ ತನ್ನ ಮನೆಯದೇ ಕಾಣಲಿಲ್ಲವಲ್ಲ ಎಂದು ದೇವರ ಮುಂದೆ ಕೂತು ನಕ್ಕಳು. ಆದರೆ ಬಿತ್ತನೆ ಹತ್ತಿರವಾಗುತ್ತಿತ್ತು. ದಾರಿ ಹೋದರೆ ಹೋಟೆಲೂ ಹೋಯಿತು.

ಪಕ್ಕದ ಮನೆಯ ಆಂಜಿನಮ್ಮ ಧೈರ್ಯ ಹೇಳಿದಳು. "ತಾಯಲೂರು ಸಂತೆಗೆ ಹೆಂಗಸ್ರೆಲ್ಲ ಹೋಗ್ತೀವಲ್ಲ, ನಾವೇ ತುಳ್ಕೊಂಡ್ ಬರ್ತೀವಿ. ಉತ್ತ ಹೊಲ, ಗುರುತು ಹೇಳು ಅಕ್ಕಾ."

"ಗುರುತೇನು ಬಂತೇ? ಹೊಂಗೆಮರ ಬಿಟ್ಮೇಲೆ ಹೊಲದ ನಡುವೆ ದೊಡ್ಡ ಬಂಡೆ ಸಿಗ್ತದೆ. ಅದನ್ನ ಎಡಗೈಗೆ ಬಿಟ್ಕೊಂಡು ಸೀದಾ ನಡೀರಿ. ಅಷ್ಟೇ."

ಸಂತೆಯ ದಿನ ಹೆಂಗಸರು ಹೋಗುವಾಗ ಬಸ್ಸು ಹತ್ತಿದರು. ಕೊಟ್ಟ ಮಾತು ಉಳಿಸಬೇಕೆಂದು, ಬರುವಾಗ ಬುಟ್ಟಿ ಹೊತ್ತು ಸಾಲಾಗಿ ನಡೆದರು. ಬಂಡೆ ಕಂಡಿತು. ಹೇಳಿದ ಹಾಗೇ ಎಡಗೈಗೆ ಬಿಟ್ಟುಕೊಂಡು ಹರಟುತ್ತ, ಚೆನ್ನಾಗಿ ತುಳಿದುಕೊಂಡೇ ಬಂದರು.

ಬೆಳಗಾಗುತ್ತಲೇ ದೊಡ್ಡಗಂಗಮ್ಮನ ಬಾಗಿಲಲ್ಲಿ ಚನ್ನರಾಯಪ್ಪನ ಕೂಗು.

"ಇದೇನಮ್ಮ ನಿನ್ನ ಸೈನ್ಯ! ಬಂಡೆಯ ಆಚೆ ಮಗ್ಗುಲಲ್ಲಿ ಮೆಣಸಿನ ಬೀಜ ಚೆಲ್ಲಿ ಪಾತಿ ಮಾಡಿದ್ದೆ. ತುಳಿದು ಮನೆ ಅಂಗಳ ಮಾಡಿಬಿಟ್ಟಿದಾರೆ!"

ದೊಡ್ಡಗಂಗಮ್ಮ ಬಾಯಿಗೆ ಸೆರಗು ಹಿಡಿದಳು. ತಾನು ಹೇಳಿದ್ದು ಹೋಗುವಾಗಿನ ಎಡ. ದಿನಾ ಹೊರೆ ಹೊತ್ತು ಹೋಗುವವಳಿಗೆ ಬರುವಾಗಿನ ಕೈ ನೆನಪೇ ಆಗಿರಲಿಲ್ಲ.

"ತಪ್ಪು ನಂದೇ ಕಣಪ್ಪ. ಅವರು ಆ ಕಡೆಯಿಂದ ಬಂದ್ರು, ಬಂಡೆ ಬಲಕ್ಕೆ ಬಿಡಬೇಕಿತ್ತು. ಬೀಜ ನಾನು ತಂದ್ಕೊಡ್ತೀನಿ."

"ಬೀಜ ಹಾಳಾಗ್ಲಿ. ಆ ಹೆಜ್ಜೆ ಹಿಡ್ಕೊಂಡು ನಸುಕಲ್ಲೇ ಇಬ್ರು ಕುರಿಯೋರೂ ಬಂದ್ರು. ಯಾರೂ ನಡೆಯಲ್ಲ ಅಂದವನು ನಾನೇ, ಈಗ ತಡೆಯೋಕಾಗ್ತಿಲ್ಲ. ಬಾರಮ್ಮ, ನಿನ್ನ ದಾರಿ ನೀನೇ ಹಾಕ್ಕೊಡು. ಪಾತಿಗೆ ನಾನು ಬೇಲಿ ಕಟ್ಕೊಂತೀನಿ."

ಅವಳು ಕೋಲೂರಿ ಕುಂಟುತ್ತ ಹೋದಳು. ಬೇಲಿಗೆ ಅವನು ತಂದಿಟ್ಟ ಮುಳ್ಳಿನಲ್ಲಿ ಒಂದು ಕೊಂಬೆ ದಾರಿಗೆ ಚಾಚಿತ್ತು, ಅದನ್ನು ಒಳಕ್ಕೆ ತಳ್ಳಿದಳು. ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ನಡೆದಳು. ಹಿಂದೆ ಆಂಜಿನಮ್ಮ, ಅವಳ ಹಿಂದೆ ಸಂತೆಗೆ ಹೋಗಿದ್ದ ಹೆಂಗಸರೆಲ್ಲ. "ಇದು ಹೋಗೋ ಎಡಾನಾ ಬರೋ ಎಡಾನಾ ಅಕ್ಕಾ?" ಎಂದು ಯಾರೋ ಕೇಳಿದ್ದಕ್ಕೆ ಸಾಲೆಲ್ಲ ಗೊಳ್ಳೆಂದಿತು. ಎರಡು ಸಲ ಹೋಗಿ ಬರುವಷ್ಟರಲ್ಲಿ ಸಡಿಲ ಮಣ್ಣಿನ ನಡುವೆ ದಾರಿ ಗಟ್ಟಿಯಾಗಿ ಮಲಗಿತ್ತು. ಆ ವಾರ ಚನ್ನರಾಯಪ್ಪ ಅದನ್ನು ಬಿಟ್ಟೇ ರಾಗಿ ಬಿತ್ತಿದ.

ಪಾದದ ಊತ ಇಳಿದು ಅವಳು ಮೊದಲ ಹೊರೆ ಹೊತ್ತು ಬಂದ ದಿನ ಅವನು ಹೊಲದ ಬಳಿಯೇ ಬಂಡಿ ನಿಲ್ಲಿಸಿಕೊಂಡು ಕಾದಿದ್ದ.

"ಹತ್ತಮ್ಮ. ತಾಯಲೂರಿಗೇ ಹೋಗ್ತಿದೀನಿ. ಇನ್ನೂ ಕುಂಟ್ತಿದೀಯ, ದಿನಾ ಇಳಿಸಿ ಬರ್ತೀನಿ ಬೇಕಾದ್ರೆ."

ದೊಡ್ಡಗಂಗಮ್ಮ ಬಂಡಿಯನ್ನು ನೋಡಿದಳು, ಎಳೆ ಮೊಳಕೆಗಳ ನಡುವೆ ದಾರಿಯ ಬಿಳಿ ಗೆರೆಯನ್ನು ನೋಡಿದಳು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಚನ್ನರಾಯಪ್ಪ, ಬಂಡಿ ಬೇಡ. ನಾನು ಬಂಡಿಯಲ್ಲಿ ಕೂತ್ರೆ ಮುಂದಿನ ವರ್ಷ ಉತ್ತಾಗ ಇಲ್ಲಿ ತುಳಿಯೋರು ಯಾರು?"

ಹೊರೆಯನ್ನು ತಲೆಯ ಮೇಲೆ ಸರಿ ಮಾಡಿಕೊಂಡು, ಬಂಡೆಯನ್ನು ಎಡಗೈಗೆ ಬಿಟ್ಟು, ಮೆಲ್ಲಗೆ ನಡೆದಳು.