ಶೆಗಡಿಯ ಕಾವು ಅಂದುಕೊಂಡ ಜ್ವರ

ಹೆರಿಗೆಯಾಗಿ ಎರಡನೇ ವಾರದಲ್ಲಿ ನನಗೆ ಚಳಿ ಹತ್ತಿತು. ಧಾರವಾಡದ ಹತ್ತಿರದ ಮುಗದ ಊರಿನ ತವರುಮನೆ. ಕಿಟಕಿ ಮುಚ್ಚಿದ್ದವು, ತಲೆಗೆ ಸ್ಕಾರ್ಫ್, ಹೊರಸಿನ ಕೆಳಗೆ ಕೆಂಡ ತುಂಬಿದ ಶೆಗಡಿ. ಅಷ್ಟಿದ್ದೂ ಹಲ್ಲು ಕಟಕಟ ಎನ್ನುತ್ತಿದ್ದವು.

“ಹಸಿ ಮೈಯಾಗ ಗಾಳಿ ಹೊಕ್ಕೈತಿ,” ಎಂದಳು ಅವ್ವ. ಇನ್ನಷ್ಟು ಕೆಂಡ ಹಾಕಿದಳು. ಬಾಣಂತನದಲ್ಲಿ ಅವಳದ್ದೇ ಕಾಯ್ದೆ; ಮೂರು ಹೆತ್ತವಳ ಮುಂದೆ ಒಂದು ಹೆತ್ತವಳದ್ದು ಏನು ನಡೆಯುತ್ತದೆ? ಮೈ ಸುಡುತ್ತಿತ್ತು. ಕಾವು ಚೆನ್ನಾಗಿ ಹತ್ತಿದೆ ಎಂದು ಅವಳಿಗೆ ಸಮಾಧಾನ. ನನಗೂ ಹಾಗೇ ಅನ್ನಿಸಿತ್ತು. ಕೆಳಹೊಟ್ಟೆ ನೋಯುತ್ತಿತ್ತು, ಸ್ರಾವ ನಾರುತ್ತಿತ್ತು. ಬಾಣಂತಿ ಅಂದಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡೆವು.

ಮರುದಿನ ಹಾಲು ಕೊಡುವಾಗ ಮಗಳ ಮುಖ ಎರಡಾಗಿ ಕಂಡಿತು. ಕೈ ಸಡಿಲಾಯಿತು.

ಕೂಸು ಜಾರಿತು.

ಅವ್ವ ಹಿಡಿದಳು. ಆಗ ಅವಳಿಗೂ ಹೆದರಿಕೆ ಹೊಕ್ಕಿತು. ಸಿಕ್ಕ ಆಟೋದಲ್ಲಿ ಧಾರವಾಡದ ಆಸ್ಪತ್ರೆಗೆ ಹೋದೆವು.

“ಜ್ವರ ಯಾವಾಗಿಂದ ಬಂದಾವ್ರಿ?” ಡಾಕ್ಟರ್ ಕೇಳಿದರು.

“ಜ್ವರ ಅಲ್ರಿ, ಅದು ಶೆಗಡಿ ಕಾವು,” ಎಂದಳು ಅವ್ವ.

“ಶೆಗಡಿ ಊರಾಗ ಬಿಟ್ಟು ಬಂದೀರಲ್ರಿ ಅವ್ವಾರ. ಮತ್ತ ನೂರಾ ಮೂರು ಹೆಂಗ?”



ಸ್ಕ್ಯಾನಿಂಗ್ ಮಾಡಿದರು. ಹೆರಿಗೆಯಲ್ಲಿ ಪೂರ್ತಿ ಬೀಳಬೇಕಿದ್ದ ಮಾಸಿನ ತುಣುಕೊಂದು ಗರ್ಭಕೋಶದಲ್ಲಿ ಉಳಿದು ಇನ್ಫೆಕ್ಷನ್ ಆಗಿತ್ತು. ಕೂಡಲೇ ಕ್ಲೀನ್ ಮಾಡಬೇಕು, ರಕ್ತಕ್ಕೆ ಏರಿದರೆ ಜೀವಕ್ಕೇ ಅಪಾಯ ಎಂದರು. ತಾರಿಹಾಳದ ಫ್ಯಾಕ್ಟರಿಯಿಂದ ಡ್ಯೂಟಿ ಬಿಟ್ಟು ಓಡಿಬಂದ ಗಂಡ ಕೂಸನ್ನು ಎತ್ತಿಕೊಂಡು ನಿಂತಿದ್ದರು. ಸ್ಟ್ರೆಚರ್ ಮೇಲೆ ಹೆದರಿದಷ್ಟು ನಾನು ಎಂದೂ ಹೆದರಿಲ್ಲ. ಇನ್ನೂ ಹೆಸರಿಡದ ಮಗಳಿಗೆ ನನ್ನ ಮುಖ ನೆನಪಿರುವುದಿಲ್ಲ, ಯಾರೋ ಗೋಡೆಯ ಮೇಲಿನ ಫೋಟೋ ತೋರಿಸಿ ‘ಇವಳೇ ನಿಮ್ಮವ್ವ’ ಎನ್ನುತ್ತಾರೆ ಎಂಬುದೊಂದೇ ತಲೆ ತಿನ್ನುತ್ತಿತ್ತು.

ಕ್ಲೀನ್ ಮಾಡಿದರು, ಆ್ಯಂಟಿಬಯಾಟಿಕ್ ಹಿಡಿಯಿತು. ಬದುಕಿ ತವರಿಗೆ ಬಂದಿದ್ದೇನೆ. ಬಚ್ಚಲಿಗೆ ಹೋಗಲು ಇನ್ನೂ ಗೋಡೆ ಹಿಡಿಯಬೇಕು. ಮೈ ತುಸು ಜುಮ್ಮೆಂದರೂ ಎದೆ ಧಸಕ್ಕೆನ್ನುತ್ತದೆ. ಅವ್ವ ಮತ್ತೆ ಕೆಂಡ ಹಾಕಿಲ್ಲ. ಬಾಣಂತಿಗೆ ಆಗದೆಂದು ಅಳೆದು ಕೊಡುತ್ತಿದ್ದ ನೀರನ್ನು ಈಗ ಬೇಕೆಂದಷ್ಟು ಕೊಡುತ್ತಾಳೆ, ಗಳಿಗೆಗೊಮ್ಮೆ ಥರ್ಮಾಮೀಟರ್ ತರುತ್ತಾಳೆ. ಮೈ ಮಾತ್ರ ಮುಟ್ಟಿ ನೋಡುವುದಿಲ್ಲ.

ನಿನ್ನೆ ನಾನೇ ಅಂದೆ, “ಕೈ ಇಟ್ಟು ನೋಡು ಬೇ.”

“ಈ ಕೈಗೆ ಏನೂ ತಿಳ್ಯಾಂಗಿಲ್ಲವ್ವಾ. ನಿನ್ನ ಕಳಕೊಂಡು ಕುಂದರ್ತಿದ್ನಿ.”

ಆ ಕೈಯನ್ನು ಎಳೆದು ಹಣೆಯ ಮೇಲೆ ಇಟ್ಟುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

“ತಣ್ಣಗೈತಿ,” ಎಂದಳು.

ಆದರೂ ಥರ್ಮಾಮೀಟರ್ ಹಾಕಿ ನೋಡಿದೆವು, ಇಬ್ಬರೂ ಉಸಿರು ಹಿಡಿದುಕೊಂಡು.