ಇಲ್ಲದ ಹೆಬ್ಬೆರಳು

ಎಂಬತ್ತರ ದಶಕದಲ್ಲಿ ಖಾಸಗಿ ಕಾಲೇಜೊಂದರಲ್ಲಿ ನರವಿಜ್ಞಾನ ಓದುತ್ತಿದ್ದೆ. ರಜೆಗೆ ಊರಿಗೆ ಬಂದಾಗ ಆಲ್ದೂರಿನ ಮೆಕ್ಯಾನಿಕ್ ಇಬ್ರಾಹಿಂ ಸಾಹೇಬರನ್ನು ನೋಡಲು ಹೋದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ರಿಪೇರಿ ಮಾಡುವಾಗ ಯಂತ್ರಕ್ಕೆ ಸಿಕ್ಕಿ ಅವರ ಎಡಗೈ ಹೋಗಿತ್ತು.

"ಇಲ್ಲದ ಕೈ ತುರಿಸುತ್ತೆ ಅಂದ್ರೆ ಮನೆಯವರು ನನಗೆ ತಲೆ ಕೆಟ್ಟಿದೆ ಅಂತಾರೆ" ಎಂದರು.

ಮಿದುಳಿನಲ್ಲಿ ಕೈಯ ಸ್ಪರ್ಶ ಮತ್ತು ಮುಖದ ಸ್ಪರ್ಶ ತಿಳಿಯುವ ಜಾಗಗಳು ಅಕ್ಕಪಕ್ಕದಲ್ಲಿವೆ ಎಂದು ಓದಿದ್ದು ನೆನಪಾಯಿತು. ಕಣ್ಣು ಮುಚ್ಚಲು ಹೇಳಿ, ಅವರ ಎಡಗೆನ್ನೆಯ ಮೇಲೆ ಹತ್ತಿ ಆಡಿಸಿದೆ. ಅವರು ಬೆಚ್ಚಿಬಿದ್ದರು.

"ನನ್ನ ಹೆಬ್ಬೆರಳನ್ನು ಯಾಕೆ ಮುಟ್ತೀಯ ಮಾರಾಯ?"

ಹತ್ತಿಯನ್ನು ಗದ್ದಕ್ಕೆ ಸರಿಸಿದೆ.

"ಈಗ ಕಿರುಬೆರಳು" ಎಂದರು.

ಕಣ್ಣು ಬಿಟ್ಟು, ಖಾಲಿ ತೋಳನ್ನು ನೋಡುತ್ತಾ ಕೇಳಿದರು: "ಹಾಗಾದ್ರೆ ನನಗೆ ಹುಚ್ಚು ಹಿಡಿದಿಲ್ಲ, ಅಲ್ವಾ?"

"ಖಂಡಿತ ಇಲ್ಲ" ಎಂದೆ.

"ಇನ್ನೊಂದ್ಸಲ ಮುಟ್ಟು" ಎಂದು ಕಣ್ಣು ಮುಚ್ಚಿದರು. ಮುಟ್ಟಿದೆ. ಅವರು ಅಳುತ್ತಲೇ ನಕ್ಕರು.

ಪ್ರೊಫೆಸರರಿಗೆ ಇದನ್ನು ಹೇಳಿದಾಗ, "ಪುಸ್ತಕದಲ್ಲಿಲ್ಲ, ಪರೀಕ್ಷೆಯಲ್ಲಿ ಬರೀಬೇಡ" ಎಂದರು. ನಾನು ಬರೆಯಲಿಲ್ಲ, ಫಸ್ಟ್ ಕ್ಲಾಸ್ ಬಂತು.