ಹತ್ತೊಂಬತ್ತನೇ ನಂಬರಿನ ಟೊಮೇಟೊ

ಆ ಮನೆಯ ಫ್ರಿಜ್ಜಿನ ಬಾಗಿಲಿಗೆ ಎರಡು ಆಯಸ್ಕಾಂತಗಳಿಂದ ಅಂಟಿಸಿದ್ದ ಕರಾರು ಪತ್ರ ಒಂದೂವರೆ ಪುಟದ್ದು. ಒಂದನೇ ಪಾರ್ಟಿ ತಾಯಿ, ನಲವತ್ತೊಂದು ವರ್ಷ, ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ಹಿರಿಯ ನರ್ಸ್. ಎರಡನೇ ಪಾರ್ಟಿ ಮಗಳು, ಹನ್ನೊಂದು ವರ್ಷ, ವಿದ್ಯಾರ್ಥಿನಿ. ಪತ್ರ ಬರೆದವರು ತಂದೆ. ಅವರ ಕಸುಬೇ ಅದು. ನೋಂದಣಿ ಕಚೇರಿಯ ಎದುರು ಒಂದು ಮೇಜು, ಎರಡು ಕುರ್ಚಿ ಹಿಡಿಯುವಷ್ಟು ಕೋಣೆಯಲ್ಲಿ ಕುಳಿತು, ಇಪ್ಪತ್ತು ವರ್ಷಗಳಿಂದ ಜನರ ಮನೆ, ನಿವೇಶನಗಳ ಪತ್ರ ಬರೆಯುತ್ತಿದ್ದಾರೆ.

ಕರಾರಿನ ಸಾರಾಂಶ ಇಷ್ಟು. ಒಂದನೇ ಪಾರ್ಟಿಯವರು ಇಂದಿನಿಂದ ನೂರ ಹತ್ತು ದಿನಗಳೊಳಗೆ, ಮನೆಯ ಬಾಲ್ಕನಿಯಲ್ಲಿ, ಬೀಜದಿಂದ ಮೊದಲ್ಗೊಂಡು, ಗಿಡದಲ್ಲೇ ಪೂರ್ತಿ ಕೆಂಪಾದ ಒಂದು ಟೊಮೇಟೊ ಬೆಳೆಯತಕ್ಕದ್ದು. ಬೆಳೆದರೆ ಎರಡನೇ ಪಾರ್ಟಿಯವರು ಅದನ್ನು ಇಡಿಯಾಗಿ ತಿಂದು, ಅಂದಿನಿಂದ ತಟ್ಟೆಗೆ ಬಿದ್ದ ತರಕಾರಿಯನ್ನು ವಾದವಿಲ್ಲದೆ ತಿನ್ನತಕ್ಕದ್ದು. ಬೆಳೆಯದಿದ್ದರೆ ಒಂದನೇ ಪಾರ್ಟಿಯವರು ಒಂದು ವರ್ಷದವರೆಗೆ ತರಕಾರಿಯ ವಿಷಯವಾಗಿ "ಬಾಯಿಯಿಂದಾಗಲಿ, ಕಣ್ಣಿನಿಂದಾಗಲಿ, ನಿಟ್ಟುಸಿರಿನಿಂದಾಗಲಿ, ಪರರ ಮಕ್ಕಳ ಉದಾಹರಣೆಯಿಂದಾಗಲಿ" ಏನನ್ನೂ ಹೇಳತಕ್ಕದ್ದಲ್ಲ. ಕೊನೆಗೆ ಬಾಲ್ಕನಿಯ ಚೆಕ್ಕುಬಂದಿ: ಪೂರ್ವಕ್ಕೆ ಬಟ್ಟೆ ಒಣಹಾಕುವ ತಂತಿ, ಪಶ್ಚಿಮಕ್ಕೆ ಅಡುಗೆಮನೆಯ ಬಾಗಿಲು, ಉತ್ತರಕ್ಕೆ ಕೆಟ್ಟು ನಿಂತ ವಾಷಿಂಗ್ ಮಷೀನು, ದಕ್ಷಿಣಕ್ಕೆ ಕಂಬಿ ಹಾಗೂ ಅದರಾಚೆ ಗಾಳಿ.

ಇದೆಲ್ಲ ಶುರುವಾದದ್ದು ತಟ್ಟೆಯಂಚಿಗೆ ತಳ್ಳಿದ್ದ ಏಳು ತುಂಡು ಬೀನ್ಸಿನಿಂದ.

"ಒಂಬೈನೂರು ಗ್ರಾಂ ತೂಗೋ ಮಗು ನನ್ನ ಕೈಯಲ್ಲಿ ಹಾಲು ಕುಡಿಯುತ್ತೆ. ಮೂವತ್ತೈದು ಕೆಜಿ ಇರೋ ನಿಂಗೆ ಒಂದು ಬೀನ್ಸ್ ಇಳಿಯಲ್ಲ," ಅಂದಿದ್ದರು ತಾಯಿ.

"ಅವಕ್ಕೆ ಮಾತು ಬರಲ್ಲ, ಅದಕ್ಕೆ ಕುಡಿಯುತ್ತವೆ. ಮಾತು ಬಂದಿದ್ದರೆ ಅವೂ ಬೇಡ ಅಂತಿದ್ದವು."

"ತರಕಾರಿ ಬೆಳೆಯೋದು ಎಷ್ಟು ಕಷ್ಟ ಗೊತ್ತಾ?"

"ನಿಂಗೆ ಗೊತ್ತಾ?"

ತಂದೆ ನೀರು ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಮಗಳನ್ನು ಅವರು ಕರೆಯುವುದೇ ಲಾಯರಮ್ಮ ಎಂದು. "ಲಾಯರಮ್ಮ ಹೇಳೋದ್ರಲ್ಲಿ ಒಂದು ಪಾಯಿಂಟ್ ಇದೆ," ಅಂದರು. ಒಂದು ಪಾಯಿಂಟು ಒಂದೂವರೆ ಪುಟವಾಗುವುದಕ್ಕೆ ಆ ಮನೆಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ.

ತಾಯಿಗೆ ಗಿಡ ಬೆಳೆಸಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ವಾರ್ಡು. ಒಂದು ಟ್ರೇ, ಒಂದು ಮೂಟೆ ಮಣ್ಣು, ಟೊಮೇಟೊ ಬೀಜದ ಪೊಟ್ಟಣ, ಕೊತ್ತಂಬರಿ ಬೀಜ, ಪುದೀನದ ನಾಲ್ಕು ಕಡ್ಡಿ ತಂದರು. ಪುದೀನದ ಕಡ್ಡಿಗಳನ್ನು ಹಳೇ ಬಕೆಟ್ಟಿನಲ್ಲಿ ಸಿಕ್ಕಿಸಿ ವಾಷಿಂಗ್ ಮಷೀನಿನ ಮೇಲಿಟ್ಟರು. ಟ್ರೇಯಲ್ಲಿ ಸಾಲಾಗಿ ನಲವತ್ತು ಟೊಮೇಟೊ ಬೀಜ ಊರಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಒಳಗೊಂದು ಥರ್ಮಾಮೀಟರು ಇಳಿಬಿಟ್ಟರು. ಗೋಡೆಯ ಮೊಳೆಗೆ ಕ್ಲಿಪ್‌ಬೋರ್ಡ್ ನೇತುಹಾಕಿ ಗೆರೆ ಎಳೆದರು: ಸಮಯ, ಉಷ್ಣತೆ, ನೀರು ಎಷ್ಟು ಮಿಲಿ, ಎತ್ತರ, ಎಲೆ, ಷರಾ. ನಾಲ್ಕು ಗಂಟೆಗೊಮ್ಮೆ ನೋಡಿ ಬರೆಯಬೇಕು. ತಾವು ಡ್ಯೂಟಿಯಲ್ಲಿದ್ದಾಗ ಸಂಜೆ ನಾಲ್ಕರ ಸಾಲು ಶಾಲೆಯಿಂದ ಬಂದ ಮಗಳದ್ದು.

"ನಾನು ಎದುರು ಪಾರ್ಟಿ," ಅಂದಳು ಮಗಳು. "ನನ್ನ ಹತ್ರ ಕೆಲಸ ಮಾಡಿಸ್ತೀಯಾ?"

"ಮೋಸ ಮಾಡಲ್ಲ ಅನ್ನೋ ನಂಬಿಕೆ."

ಅವಳು ಮೋಸ ಮಾಡಲಿಲ್ಲ. ನಾಲ್ಕೂ ಹತ್ತಕ್ಕೆ ನೋಡಿದರೆ ನಾಲ್ಕೂ ಹತ್ತು ಎಂದೇ ಬರೆದಳು.

ಕೊತ್ತಂಬರಿ ಮೇಲೇಳಲೇ ಇಲ್ಲ. ಟೊಮೇಟೊ ಏಳನೇ ದಿನ ಎದ್ದಿತು, ನಲವತ್ತರಲ್ಲಿ ಮೂವತ್ತೆಂಟು. ಮೂರು ವಾರದ ಹೊತ್ತಿಗೆ ಸಸಿಗಳು ಒಂದರ ಹೆಗಲಿಗೊಂದು ಒರಗಿದ್ದವು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಮುಂದಿನ ಸೂಚನೆಯಿತ್ತು: ಬಲವಾದ ಐದಾರು ಸಸಿ ಉಳಿಸಿ, ಉಳಿದವನ್ನು ಕಿತ್ತುಹಾಕಿ.

ತಾಯಿ ಅದನ್ನು ಎರಡು ಸಲ ಓದಿದರು. ಹದಿನೇಳು ವರ್ಷಗಳ ನೌಕರಿಯಲ್ಲಿ ಅವರಿಗೆ ಇಂಥದ್ದೊಂದು ಸೂಚನೆಯನ್ನು ಯಾವ ವೈದ್ಯರೂ ಬರೆದುಕೊಟ್ಟಿರಲಿಲ್ಲ.

"ಯಾರು ಬರೆದದ್ದು ಇದನ್ನ?" ಅಂದರು.

"ಬೀಜ ಮಾರೋರು," ಅಂದರು ಗಂಡ.

"ಅವರ ಮನೇಲಿ ಮಕ್ಕಳಿಲ್ಲ ಅನ್ನಿಸುತ್ತೆ."

ಒಂದನ್ನೂ ಕೀಳಲಿಲ್ಲ. ಮೂವತ್ತೆಂಟನ್ನೂ ಚಮಚದಿಂದ ಎತ್ತಿ ಬೇರೆ ಬೇರೆ ಮಾಡಿದರು. ಕುಂಡ ಸಾಲದೆ ಮೊಸರಿನ ಡಬ್ಬಿ, ಚಹಾ ಕಪ್ಪು, ಗಂಡನ ಪೆನ್ನು ನಿಲ್ಲಿಸುವ ಡಬ್ಬಿ, ಮಗಳು ಓಟದಲ್ಲಿ ಗೆದ್ದ ಕಪ್ಪು, ಎಲ್ಲ ವಾರ್ಡಿಗೆ ಸೇರಿದವು. ಪ್ರತಿಯೊಂದರ ಕುತ್ತಿಗೆಗೆ ಬಿಳಿ ಟೇಪು, ಟೇಪಿನ ಮೇಲೆ ನಂಬರು. ಬಾಲ್ಕನಿ ತುಂಬಿ, ಅಡುಗೆಮನೆಯ ಕಿಟಕಿ ತುಂಬಿ, ಊಟದ ಮೇಜಿನ ಅರ್ಧ ತುಂಬಿತು. ನಡು ಬಿಸಿಲು ಎಳೆ ಮೈಗೆ ಒಳ್ಳೆಯದಲ್ಲವೆಂದು ಹಗಲೆಲ್ಲ ಬೆಡ್‌ಶೀಟಿನ ನೆರಳು. ಗಾಳಿಗೆ ಕಂಬಿಯುದ್ದಕ್ಕೂ ರಟ್ಟಿನ ಅಡ್ಡ. ನೀರು ಹತ್ತು ಮಿಲಿಯ ಸಿರಿಂಜಿನಲ್ಲಿ, ತೊಟ್ಟು ತೊಟ್ಟಾಗಿ, ದಿನಕ್ಕೆ ಆರು ಸಲ.

ಇಷ್ಟು ಆರೈಕೆಗೆ ಗಿಡಗಳು ಮಾಡಿದ್ದೇನೆಂದರೆ, ಉದ್ದಕ್ಕೆ ಬೆಳೆದು, ಬಿಳಿಚಿಕೊಂಡು, ನಿಲ್ಲಲಾರದೆ ಬಾಗಿದ್ದು. ತಾಯಿ ಹತ್ತಿ ಸುತ್ತಿದ ಕಡ್ಡಿಗಳ ಆಸರೆ ಕೊಟ್ಟರು. ಮೂವತ್ತಮೂರನೇ ದಿನದ ಹೊತ್ತಿಗೆ ಒಂಬತ್ತು ಗಿಡ ಬುಡ ಕೊಳೆತು ಹೋದವು. ಅವರು ಒಂಬತ್ತರ ಮುಂದೆಯೂ ಸಮಯ ಬರೆದು ಸಹಿ ಹಾಕಿದರು. ಉಳಿದ ಇಪ್ಪತ್ತೊಂಬತ್ತೂ ಅದೇ ದಾರಿ ಹಿಡಿಯುವಂತೆ ಕಂಡವು. ಅಮ್ಮ ಈಗಲೇ ಸೋತ ಹಾಗೆ ಎಂದು ಮಗಳಿಗೂ ಅನ್ನಿಸಿತು, ಆದರೆ ಆಡಿ ತೋರಿಸಲಿಲ್ಲ. ಅಮ್ಮನ ಮುಖ ಹಾಗಿತ್ತು.

ವಾರ್ಡಿನಲ್ಲಿ ಚೆನ್ನಾಗಿದ್ದ ರೋಗಿ ಒಂದೇ, ವಾಷಿಂಗ್ ಮಷೀನಿನ ಮೇಲಿನ ಪುದೀನ. ಅದರಲ್ಲೂ ಒಂದು ವಿಚಿತ್ರ. ಗಿಡ ಪೊದೆಯಾಗುತ್ತಿತ್ತು, ಆದರೆ ದಿನಕ್ಕೆ ಐದಾರು ಎಲೆ ತುದಿಯಿಂದಲೇ ಮಾಯವಾಗುತ್ತಿದ್ದವು. ತಾಯಿ ಷರಾ ಕಾಲಮ್ಮಿನಲ್ಲಿ "ಬಸವನಹುಳು?" ಎಂದು ಬರೆದರು. ಸುತ್ತ ಮೊಟ್ಟೆ ಚಿಪ್ಪಿನ ಪುಡಿ ಹಾಕಿದರು. ಎಲೆ ಹೋಗುವುದು ನಿಲ್ಲಲಿಲ್ಲ. ಸೊಳ್ಳೆಪರದೆಯ ತುಂಡು ಹೊದಿಸಿ ಬಕೆಟ್ಟಿನ ಕಂಠಕ್ಕೆ ದಾರ ಕಟ್ಟಿದರು. ಮಾರನೆಯ ದಿನವೂ ಆರು ಎಲೆ ಇಲ್ಲ, ದಾರ ಮಾತ್ರ ಬಿಗಿಯಾಗಿಯೇ ಇತ್ತು. ಅನುಮಾನ ಗಂಡನ ಕಡೆ ತಿರುಗಿತು.

"ರೀ, ಬಾಯಿ ತೆಗೀರಿ."

"ಏನು?"

"ತೆಗೀರಿ ಅಂದೆ." ಮೂಸಿ ನೋಡಿದರು. "ಬರೀ ಚಹಾ."

"ನಾನು ಎಲೆ ತಿನ್ನೋ ಹಾಗಿದ್ದರೆ ನಿನ್ನ ಹತ್ರ ಕೇಳಿ, ಸಹಿ ಹಾಕಿ ತಿಂತಿದ್ದೆ," ಅಂದರು ಗಂಡ.

ಮಗಳು ತಲೆ ಬಗ್ಗಿಸಿ ಲೆಕ್ಕದ ಪುಸ್ತಕದಲ್ಲಿ ಮುಳುಗಿದ್ದಳು. ಲೆಕ್ಕದಲ್ಲಿ ಅವಳು ಅಷ್ಟು ಮುಳುಗುವುದು ಅಪರೂಪವೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಮೂವತ್ತಾರನೇ ದಿನ, ಭಾನುವಾರ ಬೆಳಿಗ್ಗೆ, ಗಂಡ ಊಟದ ಮೇಜಿನ ಮೇಲೆ ಪೇಪರು ಹರಡಲು ಜಾಗ ಹುಡುಕುತ್ತ, ಹನ್ನೆರಡನೇ ನಂಬರನ್ನು ಸ್ವಲ್ಪ ಸರಿಸಿ ಒಂದು ಪ್ರಶ್ನೆ ಕೇಳಿದರು.

"ನಿನ್ನ ವಾರ್ಡಲ್ಲಿ ಮಕ್ಕಳನ್ನ ಎಷ್ಟು ದಿನ ಇಟ್ಕೋತೀರಿ?"

"ತೂಕ ಬರೋವರೆಗೆ."

"ಬಂದ ಮೇಲೆ?"

"ಡಿಸ್ಚಾರ್ಜ್."

ಹೇಳಿ, ಅವರು ಹನ್ನೆರಡನೇ ನಂಬರನ್ನು ಕೈಗೆತ್ತಿಕೊಂಡರು. ಇಷ್ಟು ವರ್ಷಗಳಲ್ಲಿ ನೂರಾರು ಮಕ್ಕಳನ್ನು ವಾರ್ಡಿನ ಬಾಗಿಲವರೆಗೆ ಎತ್ತಿಕೊಂಡು ಹೋಗಿ ತಾಯಂದಿರ ಕೈಗೆ ಕೊಟ್ಟಿದ್ದರು. ಬಾಗಿಲಾಚೆ ಆ ಮಕ್ಕಳು ಬಿಸಿಲಿಗೆ, ಧೂಳಿಗೆ, ಅಣ್ಣ ತಮ್ಮಂದಿರ ಕೈಗೆ ಸಿಕ್ಕು ಹೇಗೆ ಬೆಳೆದವೆಂದು ನೋಡುವುದು ಅವರ ಕೆಲಸವಾಗಿರಲಿಲ್ಲ.

ಆ ವಾರ ಇಪ್ಪತ್ತೆಂಟು ಗಿಡಗಳು ಡಿಸ್ಚಾರ್ಜ್ ಆಗಿ ಪರಿಚಿತರ ಮನೆಗಳಿಗೆ ಹೋದವು. ಪ್ರತಿಯೊಂದರ ಜೊತೆ ಒಂದು ಚೀಟಿ: ನಂಬರು, ಮೊಳೆತ ದಿನ, ಎತ್ತರ, ನೀರಿನ ಪ್ರಮಾಣ, "ಹದಿನೈದು ದಿನಕ್ಕೊಮ್ಮೆ ತಪಾಸಣೆಗೆ ತರುವುದು." ಶಾಲಾ ಬಸ್ಸು ಓಡಿಸುವಾಕೆ ನಿಜಕ್ಕೂ ತಂದರು, ಟವೆಲಿನಲ್ಲಿ ಸುತ್ತಿಕೊಂಡು. ಮೇಲಿನ ಮಹಡಿಯ ಎಲೆಕ್ಟ್ರೀಷಿಯನ್ ಎರಡು ಗಿಡ ಹಿಡಿದು, ಚೀಟಿಯನ್ನು ಓದದೆ ಅಂಗಿಯ ಜೇಬಿಗಿಟ್ಟು, ಗಿಡಗಳನ್ನು ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಬಿಸಿಲಿಗೆ ಬಿಟ್ಟು ಹೋದರು. ತಾಯಿ ತಮಗೆಂದು ಉಳಿಸಿಕೊಂಡದ್ದು ಒಂದೇ, ಹತ್ತೊಂಬತ್ತನೇ ನಂಬರು. ಎಲ್ಲಕ್ಕಿಂತ ಗಿಡ್ಡ. ಬೇರೆ ಯಾರೂ ಅದನ್ನು ಕೇಳಿರಲಿಲ್ಲ.

ಒಂದೇ ಗಿಡ ಉಳಿದರೆ ಇಪ್ಪತ್ತೊಂಬತ್ತರ ಆರೈಕೆಯೂ ಅದರ ಮೇಲೇ ಬೀಳುವ ಅಪಾಯವಿತ್ತು. ಅದನ್ನು ತಪ್ಪಿಸಿದ್ದು ಆಸ್ಪತ್ರೆ. ಒಂದೇ ಹೆರಿಗೆಯಲ್ಲಿ ಮೂರು ಮಕ್ಕಳು, ಮೂರೂ ಒಂದೊಂದು ಕೆಜಿಯ ಒಳಗೆ. ಮೂರು ವಾರ ತಾಯಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕತ್ತು ತಿರುಗಿಸಲು ಪುರುಸೊತ್ತಿರಲಿಲ್ಲ. ಬೆಡ್‌ಶೀಟನ್ನು ಯಾರೋ ಒಗೆಯಲು ತೆಗೆದವರು ಮತ್ತೆ ಕಟ್ಟಲಿಲ್ಲ. ರಟ್ಟು ಗಾಳಿಗೆ ಬಿದ್ದುಹೋಯಿತು. ನೀರು ದಿನಕ್ಕೊಮ್ಮೆ, ನಾಲ್ಕೂ ಹತ್ತಕ್ಕೆ, ಮಗಳ ಕೈಯಿಂದ, ಲೋಟದಲ್ಲಿ. ಮೂರೂ ಮಕ್ಕಳು ತೂಕ ಹಿಡಿದ ವಾರ ತಾಯಿ ಬಾಲ್ಕನಿಗೆ ಬಂದು ನೋಡಿದರೆ ಹತ್ತೊಂಬತ್ತನೇ ನಂಬರು ಬೆರಳಿನ ದಪ್ಪದ ಕಾಂಡದ ಮೇಲೆ ನೆಟ್ಟಗೆ ನಿಂತು ಐದು ಹಳದಿ ಹೂ ಬಿಟ್ಟಿತ್ತು.

ಐದರಲ್ಲಿ ಒಂದು ಕಾಯಾಯಿತು.

ತೊಂಬತ್ತೈದನೇ ದಿನ ಎಲೆಕ್ಟ್ರೀಷಿಯನ್ ಕರೆಗಂಟೆ ಒತ್ತಿದರು. ಕೈಯಲ್ಲಿ ಹೆಲ್ಮೆಟ್ಟು, ಹೆಲ್ಮೆಟ್ಟಿನೊಳಗೆ ಏಳು ಕೆಂಪು ಟೊಮೇಟೊ.

"ತಗೊಳ್ಳಿ ಸಿಸ್ಟರ್. ನಿಮ್ಮ ಮೊಮ್ಮಕ್ಕಳು."

"ಏನು ಹಾಕಿದ್ರಿ?" ಅಂದರು ತಾಯಿ.

"ಏನೂ ಹಾಕಿಲ್ಲ. ಗಿಡ ಇಟ್ಟಿದ್ದೀನಿ ಅನ್ನೋದೇ ಮರೆತಿದ್ದೆ. ಟ್ಯಾಂಕ್ ತುಂಬಿ ಹರಿದಾಗ ನೀರು ಕುಡಿದಿರಬೇಕು ಪಾಪ."

ತಾಯಿ ಹೆಲ್ಮೆಟ್ಟನ್ನು ಹಾಗೇ ಮಗಳ ಮುಂದೆ ಹಿಡಿದರು. ಮಗಳು ಹೋಗಿ ಫ್ರಿಜ್ಜಿನ ಬಾಗಿಲಿನಿಂದ ಪತ್ರ ಬಿಡಿಸಿ ತಂದಳು.

"ಚೆಕ್ಕುಬಂದಿ ಓದು. ತಾರಸಿ ಎಲ್ಲಿದೆ ಇದರಲ್ಲಿ?"

"ಬೀಜ ನಾನು ಹಾಕಿದ್ದು. ಹುಟ್ಟಿದ್ದು ಇಲ್ಲೇ."

"ಹುಟ್ಟಿದ್ದು ಇಲ್ಲಿ. ಬೆಳೆದದ್ದು ಅಲ್ಲಿ. 'ಬೆಳೆಯತಕ್ಕದ್ದು' ಅಂತಿದೆ, 'ಹುಟ್ಟಿಸತಕ್ಕದ್ದು' ಅಂತಿಲ್ಲ."

"ರೀ, ನೀವಾದರೂ ಹೇಳಿ."

"ಪತ್ರ ಬರೆದವನು ತೀರ್ಪು ಹೇಳೋ ಹಾಗಿಲ್ಲ," ಅಂದರು ಗಂಡ. "ಆದರೆ ಚೆಕ್ಕುಬಂದಿ ಮಾತ್ರ ಚೆನ್ನಾಗಿ ಬರೆದಿದ್ದೀನಿ."

ಇನ್ನು ಹದಿನೈದು ದಿನ, ಒಂದು ಕಾಯಿ. ತಾಯಿ ದಿನವೂ ಅದರ ಮುಂದೆ ಕೈಕಟ್ಟಿ ನಿಂತರು, ಮುಟ್ಟಲಿಲ್ಲ. ಷರಾದಲ್ಲಿ "ಹಸಿರು" ಎಂದು ಬರೆದರು, ಮಾರನೆಯ ದಿನ "ಹಸಿರು", ಮತ್ತೆ "ಹಸಿರು". ನೂರ ಏಳನೇ ದಿನ "ತುದಿಯಲ್ಲಿ ತಿಳಿ ಹಳದಿ". ಆಸ್ಪತ್ರೆಯಲ್ಲಿ ಸಹೋದ್ಯೋಗಿಯೊಬ್ಬರು ಕಾಯಿಗೆ ಕೆಂಪು ಬಣ್ಣ ಬಳಿಯುವ ಉಪಾಯ ಹೇಳಿಕೊಟ್ಟರು. "ಚಾರ್ಟಿನಲ್ಲಿ ಸುಳ್ಳು ಬರೆಯಲಾ?" ಎಂದು ತಾಯಿ ಅವರ ಮುಖವನ್ನೇ ನೋಡಿದರು. ಆ ಮಾತು ಅಲ್ಲಿಗೆ ನಿಂತಿತು.

ನೂರ ಹತ್ತನೇ ದಿನ ಬೆಳಿಗ್ಗೆ ಏಳಕ್ಕೆ ಮೂವರೂ ಬಾಲ್ಕನಿಯಲ್ಲಿ ಸೇರಿದರು. ಮಗಳು ಕುಕ್ಕರುಗಾಲಲ್ಲಿ ಕೂತು ಹಣ್ಣನ್ನು ಎಲ್ಲ ಕಡೆಯಿಂದ ನೋಡಿದಳು. ಅಮ್ಮನ ಕಡೆ ತಿರುಗಿದಳು. ತಾಯಿ ಕ್ಲಿಪ್‌ಬೋರ್ಡು ತೆಗೆದು ಬರೆದರು: ಬಣ್ಣ ಕಿತ್ತಳೆ. ಕೆಂಪಲ್ಲ. ಕೆಳಗೆ ಸಹಿ.

ಆ ರಾತ್ರಿಯ ಊಟಕ್ಕೆ ಬೀನ್ಸಿತ್ತು. ಮಗಳು ಅದನ್ನು ತಟ್ಟೆಯಂಚಿಗೆ ತಳ್ಳಿದಳು. ತಾಯಿ ಉಪ್ಪಿನ ಡಬ್ಬಿಯನ್ನು ನೋಡುತ್ತ ಊಟ ಮುಗಿಸಿದರು. ಮಾರನೆಯ ದಿನ ಕ್ಯಾರೆಟ್ಟು, ಅವತ್ತೂ ಉಪ್ಪಿನ ಡಬ್ಬಿ. ಮಗಳು ಗೆದ್ದಿದ್ದಳು. ಗೆದ್ದವರ ಊಟ ಇಷ್ಟು ಸಪ್ಪೆಯಾಗಿರುತ್ತದೆಂದು ಮಾತ್ರ ಪತ್ರದಲ್ಲಿ ಎಲ್ಲೂ ಬರೆದಿರಲಿಲ್ಲ.

ನಾಲ್ಕನೇ ದಿನ ಹತ್ತೊಂಬತ್ತನೇ ನಂಬರಿನ ಹಣ್ಣು ತನ್ನಷ್ಟಕ್ಕೆ ಪೂರ್ತಿ ಕೆಂಪಾಯಿತು. ತಾಯಿ ಸಂಜೆ ಕೆಲಸದಿಂದ ಬಂದು, ಕೈ ತೊಳೆದು, ಅದನ್ನು ಕಿತ್ತು, ನಾಲ್ಕು ಹೋಳು ಮಾಡಿ ಉಪ್ಪು ಉದುರಿಸಿದರು. ಗಂಡನಿಗೆರಡು. ತಮಗೊಂದು. ಉಳಿದದ್ದು ತಟ್ಟೆಯಲ್ಲಿತ್ತು.

"ನಂಗೆ ಬೇಕಾ ಅಂತ ಕೇಳಲೇ ಇಲ್ಲ," ಅಂದಳು ಮಗಳು.

ತಾಯಿ ಫ್ರಿಜ್ಜಿನ ಕಡೆ ಬೆರಳು ತೋರಿಸಿದರು.

"ಕೇಳೋದು ಹೇಳೋದಾ? ಅಪ್ಪ, ಕೇಳೋದು ಹೇಳೋದಾ?"

"ಬಾಯಿಂದ ಬಂದದ್ದೆಲ್ಲ ಒಂದೇ," ಅಂದರು ತಂದೆ, ಎರಡನೇ ಹೋಳು ತಿನ್ನುತ್ತ.

ಮಗಳು ಸ್ವಲ್ಪ ಹೊತ್ತು ಕಾಲು ಕುಣಿಸುತ್ತ ಕೂತಿದ್ದಳು. ಆಮೇಲೆ ಎದ್ದು ಬಾಲ್ಕನಿಗೆ ಹೋದಳು. ಕ್ಲಿಪ್‌ಬೋರ್ಡಿನ ಹಾಳೆಗಳು ಮಗುಚುವ ಸದ್ದು ಕೇಳಿಸಿತು. ಬಹಳ ಹೊತ್ತು ಬರೆದಳು. ತಂದು ಅಮ್ಮನ ಮುಂದಿಟ್ಟು, ಮೇಜಿನ ಆಚೆ ಬದಿಯಲ್ಲಿ ನಿಂತಳು.

ಪುದೀನದ ಹಾಳೆ ಅದು. "ಬಸವನಹುಳು?" ಎಂದಿದ್ದ ಕಡೆಯಲ್ಲೆಲ್ಲ ಅದನ್ನು ಹೊಡೆದುಹಾಕಿ "ನಾನು" ಎಂದು ಬರೆದಿದ್ದಳು. ಇಪ್ಪತ್ತನಾಲ್ಕನೇ ದಿನದ ಎದುರು: "ನಾನು. ಸುಮ್ಮನೆ ವಾಸನೆ ನೋಡೋಕೆ ಕಿತ್ತದ್ದು, ಬಾಯಿಗೆ ಹೋಯಿತು." ಸೊಳ್ಳೆಪರದೆಯ ದಿನದ ಎದುರು: "ನಾನು. ದಾರ ಮತ್ತೆ ಕಟ್ಟಿದ್ದೂ ನಾನೇ." ಕೊನೆಯ ಸಾಲು ಆ ದಿನದ್ದೇ: "ನಾಲ್ಕೂ ಹತ್ತು. ಎಲೆ ಎಂಟು. ತೊಳೆದು ತಿಂದೆ."

ತಾಯಿ ಬಾಯಿ ತೆರೆದರು. ಗಂಡ ಗಂಟಲು ಸರಿಮಾಡಿಕೊಂಡರು. ತಾಯಿ ಬಾಯಿ ಮುಚ್ಚಿದರು. ಅವರ ಹುಬ್ಬು ಏರತೊಡಗಿತ್ತು, ಕಣ್ಣಿನಿಂದಲೂ ಆಗದೆಂಬುದು ನೆನಪಾಗಿ ಅದನ್ನೂ ಇಳಿಸಿದರು. ನಿಟ್ಟುಸಿರು ಮೂಗಿನ ತನಕ ಬಂದು ಹಿಂದೆ ಹೋಯಿತು. ಸಮವಸ್ತ್ರದ ಜೇಬಿನಿಂದ ಪೆನ್ನು ತೆಗೆದು, ಕೊನೆಯ ಸಾಲಿನ ಷರಾ ಕಾಲಮ್ಮಿನಲ್ಲಿ ವಾರ್ಡಿನಲ್ಲಿ ಬರೆಯುವ ಹಾಗೇ ಬರೆದರು: "ಹಸಿವು ಚೆನ್ನಾಗಿದೆ. ಇದೇ ಮುಂದುವರಿಸಿ."

ಮಗಳು ಓದಿದಳು. ಓದಿ, ನೇರ ಫ್ರಿಜ್ಜಿನ ಬಳಿ ಹೋಗಿ ಪತ್ರದ ಆ ಸಾಲಿನ ಮೇಲೆ ಬೆರಳಾಡಿಸಿದಳು. ಬಾಯಿ ಇತ್ತು, ಕಣ್ಣು ಇತ್ತು, ನಿಟ್ಟುಸಿರು ಇತ್ತು, ಪರರ ಮಕ್ಕಳಿದ್ದರು.

"ಅಪ್ಪ. 'ಪೆನ್ನಿನಿಂದಾಗಲಿ' ಅಂತ ಬರೆದೇ ಇಲ್ಲ ನೀನು."

ಇಪ್ಪತ್ತು ವರ್ಷ ಪತ್ರ ಬರೆದವರು ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಎರಡು ಸಲ ನೋಡಿದರು. "ತಪ್ಪಾಯ್ತು ಲಾಯರಮ್ಮ," ಅಂದರು.

ಅವಳು ಮೇಜಿಗೆ ಮರಳಿ, ಉಳಿದಿದ್ದ ಹೋಳನ್ನು ಎತ್ತಿ ಬಾಯಿಗಿಟ್ಟುಕೊಂಡು, ಕ್ಲಿಪ್‌ಬೋರ್ಡನ್ನು ತನ್ನ ಕಡೆ ಎಳೆದುಕೊಂಡು ಹೊಸ ಸಾಲು ಬರೆದಳು: ನಂಬರು ಹತ್ತೊಂಬತ್ತು. ಕಾಲು ಭಾಗ. ಹುಳಿ.